ಒಂದೇ ಅಡುಗೆಮನೆಯಲ್ಲಿ ಒಬ್ಬರೇ ವೀಗನ್ ಆಗುವುದು ಹೇಗೆ

ವೀಗನ್ ಆಗಲು, ಅಂದರೆ ಪ್ರಾಣಿಗಳಿಂದ ಬರುವ ಆಹಾರವನ್ನೆಲ್ಲ ಬಿಡಲು ಹೊರಟವರು ಪೌಷ್ಟಿಕಾಂಶಗಳ ಪಟ್ಟಿ ಹಿಡಿದು ಕೂರುವ ಮೊದಲು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು: ಮನೆಯಲ್ಲಿ ಅಡುಗೆ ಮಾಡುವವರು ಯಾರು? ನೀವೇ ಆಗಿದ್ದರೆ ಅರ್ಧ ತೊಡಕು ಅಲ್ಲಿಗೇ ಕಳೆಯಿತು. ಬೇರೆಯವರಾಗಿದ್ದರೆ, ನಿಮ್ಮ ಮನಸ್ಸಿಗೆ ಸರಿಕಂಡ ನಿರ್ಧಾರಕ್ಕೆ ಅವರು ದಿನಾ ಬೆಲೆ ತೆರಬೇಕಾಗುತ್ತದೆ. ಇಂಥ ಮನೆಗಳಲ್ಲಿ ಜಗಳ ಹುಟ್ಟುವುದು ಸಿದ್ಧಾಂತದಿಂದ ಎಂದು ಹೊರಗಿನವರು ತಿಳಿಯುತ್ತಾರೆ. ನಾನು ಕಂಡಂತೆ ಅದು ಹುಟ್ಟುವುದು ಸಿಂಕಿನಲ್ಲಿ, ತೊಳೆಯಲು ಬಿದ್ದಿರುವ ಹೆಚ್ಚುವರಿ ಪಾತ್ರೆಯಿಂದ.

ನಮ್ಮ ಮನೆಯಲ್ಲಿ ಐದು ಜನ. ಹೆಂಡತಿಗೆ ಮೀನು, ಮಾಂಸ ಎರಡೂ ಬೇಕು. ಅತ್ತೆಯವರು ಸಸ್ಯಾಹಾರಿ, ಆದರೆ ಹಾಲು, ಮೊಸರು ಇಲ್ಲದೆ ಅವರಿಗೆ ಊಟ ಮಾಡಿದಂತಾಗುವುದಿಲ್ಲ. ಮಗನಿಗೆ ಬೆಳಗ್ಗೆ ಮೊಟ್ಟೆ ಇರಲೇಬೇಕು. ಮಗಳು ಈ ವಾರ ಬಾಯಿ ಚಪ್ಪರಿಸಿದ್ದನ್ನು ಮುಂದಿನ ವಾರ ಮುಟ್ಟುವುದಿಲ್ಲ. ನಾನು ಮಾಂಸ, ಮೀನು, ಮೊಟ್ಟೆ, ಹಾಲು, ಜೇನು ಎಲ್ಲವನ್ನೂ ಬಿಟ್ಟವನು. ಬಿಡುವ ಮೊದಲು ತಿಳಿಸಿದಾಗ ಹೆಂಡತಿ ವಾದಕ್ಕಿಳಿಯಲಿಲ್ಲ. "ನೀವು ಏನು ಬೇಕಾದರೂ ಬಿಡಿ, ನನಗೆ ಮಾತ್ರ ಇನ್ನೊಂದು ಅಡುಗೆ ಹೆಚ್ಚಾಗಬಾರದು" ಎಂದಳು. ನ್ಯಾಯವಾದ ಷರತ್ತು. ಮುಂದೆ ಹೇಳುವುದೆಲ್ಲ ಆ ಷರತ್ತಿಗೆ ಒಳಪಟ್ಟು ಕಂಡುಕೊಂಡ ದಾರಿ. ನಾನು ವೃತ್ತಿಯಲ್ಲಿ ಲೆಕ್ಕಪರಿಶೋಧಕ. ಗ್ರಾಂ, ಮಿಲಿಗ್ರಾಂ ಸ್ವಲ್ಪ ಹೆಚ್ಚಾಗಿ ಕಾಣಿಸಿಕೊಂಡರೆ ಸಹಿಸಿಕೊಳ್ಳಿ.

ಏನು ಕೇಳಬೇಕು, ಏನು ಕೇಳಬಾರದು

ಒಂದು ಸಂಜೆ ಎಲ್ಲರನ್ನೂ ಕೂರಿಸಿಕೊಂಡು ಮಾತನಾಡಿ. ಭಾಷಣ ಬೇಡ. ನಿಮ್ಮ ಕಾರಣವನ್ನು ಎರಡು ವಾಕ್ಯದಲ್ಲಿ ಹೇಳಿ, ಉಳಿದ ಸಮಯವನ್ನು ಕೆಲಸದ ಹಂಚಿಕೆಗೆ ಕೊಡಿ. ನಾನು ಕೇಳಿದ್ದು ಎರಡೇ. ಎಲ್ಲರಿಗೂ ಸೇರಿ ಮಾಡುವ ಅಡುಗೆಯನ್ನು ಬೆಣ್ಣೆಯ ಬದಲು ಎಣ್ಣೆಯಲ್ಲಿ ಶುರುಮಾಡಬೇಕು. ಯಾವುದಕ್ಕಾದರೂ ಹಾಲು, ಮೊಟ್ಟೆ ಬಿದ್ದಿದ್ದರೆ ಕೇಳಿದಾಗ ನಿಜ ಹೇಳಬೇಕು. ಎರಡನೆಯದು ಕ್ಷುಲ್ಲಕವೆಂದು ತೋರಬಹುದು. ಆದರೆ "ಗೊತ್ತಾಗದಿದ್ದರೆ ಏನಂತೆ, ಒಂದು ಚಮಚ ತಾನೇ" ಎಂಬ ಪ್ರೀತಿಯ ಮೋಸ ಹಲವು ಮನೆಗಳಲ್ಲಿ ನಡೆಯುತ್ತದೆ. ಅದು ಬಯಲಾದ ದಿನ ಆಗುವ ಕಹಿಗೆ ಹೋಲಿಸಿದರೆ ಮೊದಲೇ ಬಾಯಿಬಿಟ್ಟು ಕೇಳುವುದು ಮೇಲು.

ಬದಲಿಗೆ ನಾನು ಒಪ್ಪಿಕೊಂಡ ಕೆಲಸಗಳು ಹೆಚ್ಚು: ಸಾಮಾನು ತರುವುದು, ವಾರದಲ್ಲಿ ಕೆಲವು ರಾತ್ರಿಗಳ ಅಡುಗೆ, ನನ್ನ ಕಾಳು ನಾನೇ ನೆನೆಹಾಕಿ ಬೇಯಿಸಿಟ್ಟುಕೊಳ್ಳುವುದು. ಇತರರ ತಟ್ಟೆಯ ಬಗ್ಗೆ ಮಾತಿಲ್ಲ, ಮಾಂಸ ತರಬೇಡಿ ಎನ್ನುವಂತಿಲ್ಲ. ಮಾಂಸದ ಪಾತ್ರೆ ತೊಳೆಯುತ್ತೇನೆ, ಮಾಂಸ ಬೇಯಿಸುವುದಿಲ್ಲ ಎಂದೂ ಅಂದೇ ಹೇಳಿದೆ. ನಿಮ್ಮ ಗೆರೆ ಇನ್ನೆಲ್ಲೋ ಇರಬಹುದು. ಕೆಲವರಿಗೆ ಒಂದೇ ಬಾಣಲೆ ಬಳಸುವುದೂ ಹಿಡಿಸದು. ಕೆಲವರು ಮನೆಯವರಿಗಾಗಿ ಮೊಟ್ಟೆ ಬೇಯಿಸಿ ಕೊಡುತ್ತಾರೆ, ತಾವು ತಿನ್ನುವುದಿಲ್ಲ. ಗೆರೆ ಎಲ್ಲಿದೆ ಎನ್ನುವುದಕ್ಕಿಂತ ಅದು ಎಲ್ಲರಿಗೂ ಗೊತ್ತಿರುವುದು ಮುಖ್ಯ. ನಡುಮಧ್ಯಾಹ್ನ ಒಲೆಯ ಮುಂದೆ ನಿಂತು ಗೆರೆ ಎಳೆಯಲು ಹೋದರೆ ಅದು ಗೆರೆಯಾಗಿ ಉಳಿಯುವುದಿಲ್ಲ, ಮುನಿಸಾಗುತ್ತದೆ.

ಅಡುಗೆ ಕವಲೊಡೆಯುವ ಜಾಗ

ಎರಡು ಅಡುಗೆ ಮಾಡದೆ ಎರಡು ಬಗೆಯ ಊಟ ಬಡಿಸುವ ಉಪಾಯ ಇಷ್ಟೇ: ಪ್ರಾಣಿಜನ್ಯ ವಸ್ತು ಪಾತ್ರೆಗೆ ಬೀಳುವ ಕ್ಷಣವನ್ನು ಆದಷ್ಟು ಕೊನೆಗೆ ತಳ್ಳಿ, ಅದಕ್ಕೆ ಮುಂಚೆ ನಿಮ್ಮ ಪಾಲು ತೆಗೆದಿಡಿ. ಗಮನಿಸಿ ನೋಡಿದರೆ ಹೆಚ್ಚಿನ ಅಡುಗೆಗಳು ಮುಕ್ಕಾಲು ದಾರಿಯವರೆಗೆ ವೀಗನ್ ಆಗಿಯೇ ಇರುತ್ತವೆ. ಈರುಳ್ಳಿ, ಬೆಳ್ಳುಳ್ಳಿ, ಟೊಮೆಟೊ, ಮಸಾಲೆ, ತರಕಾರಿ ಎಲ್ಲ ಸೇರಿ ಬೆಂದ ಮೇಲೆ ತಾನೇ ಕೆನೆ, ಬೆಣ್ಣೆ, ಚೀಸ್, ಮೊಟ್ಟೆ ಬರುವುದು? ಹೀಗಾಗಿ ಬದಲಾಯಿಸಬೇಕಾದದ್ದು ಶುರುವಿನ ಎರಡು ವಸ್ತುಗಳನ್ನು ಮಾತ್ರ. ಕೊಬ್ಬು ಎಣ್ಣೆಯಾಗಬೇಕು. ಮಾಂಸ ಬೇಯಿಸಿದ ನೀರು ಹಾಕುವ ಕಡೆ ತರಕಾರಿ ಅಥವಾ ಕಾಳು ಬೇಯಿಸಿದ ಕಟ್ಟು ಹಾಕಬೇಕು.

ಟೊಮೆಟೊ ಗ್ರೇವಿಯನ್ನೇ ತೆಗೆದುಕೊಳ್ಳಿ. ದೊಡ್ಡ ಪಾತ್ರೆಯಲ್ಲಿ ಅದು ಗಟ್ಟಿಯಾಗುತ್ತ ಬಂದಾಗ ನನ್ನ ಪಾಲನ್ನು ಸಣ್ಣ ಬಾಣಲೆಗೆ ಎತ್ತಿ ಬೆಂದ ಕಾಬೂಲ್ ಕಡಲೆ ಹಾಕಿ ಐದು ನಿಮಿಷ ಕುದಿಸುತ್ತೇನೆ. ಬೇರೆಯಾಗಿ ಹುರಿದ ಮಾಂಸ ದೊಡ್ಡ ಪಾತ್ರೆಗೆ ಹೋಗುತ್ತದೆ. ಸೂಪಿಗೆ ಕೆನೆಯನ್ನು ಒಲೆಯ ಮೇಲೆ ಹಾಕುವುದಿಲ್ಲ. ಮೇಜಿನ ಮೇಲೆ ಸಣ್ಣ ಜಗ್ಗಿನಲ್ಲಿಟ್ಟರೆ ಬೇಕಾದವರು ಸುರಿದುಕೊಳ್ಳುತ್ತಾರೆ. ಚೀಸೂ ಹಾಗೆಯೇ, ತುರಿದು ಬಟ್ಟಲಲ್ಲಿ. ಅನ್ನವನ್ನು ತರಕಾರಿ ಹಾಕಿ ಹುರಿಯುವಾಗ ನನ್ನ ಪಾಲು ಮೊದಲು ತಟ್ಟೆಗೆ ಇಳಿಯುತ್ತದೆ, ಆಮೇಲೆ ಅದೇ ಬಾಣಲೆಗೆ ಮಗನ ಮೊಟ್ಟೆ ಬೀಳುತ್ತದೆ. ಈ ಕ್ರಮ ತಪ್ಪದಿದ್ದರೆ ನಡುವೆ ಬಾಣಲೆ ತೊಳೆಯುವ ಕೆಲಸವೇ ಇಲ್ಲ. ವೀಗನ್ ಮೊದಲು, ಆಮೇಲೆ ಹಾಲು, ನಂತರ ಮೊಟ್ಟೆ, ಕೊನೆಗೆ ಮಾಂಸ. ನಮ್ಮ ಅಡುಗೆಮನೆಯಲ್ಲಿ ಇದೊಂದೇ ನಿಯಮ ಗೋಡೆಗೆ ಅಂಟಿದೆ. ಪ್ರತಿ ಪಾತ್ರೆಗೆ ಅದರದೇ ಸೌಟು ಎಂಬುದನ್ನು ಮಗಳು ಕೆಳಗೆ ಪೆನ್ಸಿಲಿನಲ್ಲಿ ಸೇರಿಸಿದ್ದಾಳೆ.

ಎಲ್ಲ ಅಡುಗೆಯೂ ಹೀಗೆ ಕವಲೊಡೆಯುವುದಿಲ್ಲ. ಎಲುಬಿನೊಂದಿಗೆ ಗಂಟೆಗಟ್ಟಲೆ ಕುದಿಯುವ ಸಾರು, ಮೊಟ್ಟೆ ಹಾಕಿ ಹದ ಮಾಡುವ ಹಿಟ್ಟು, ಇಡಿಯಾಗಿ ಬೇಯಿಸುವ ಮೀನು, ಇವುಗಳಲ್ಲಿ ಪಾಲು ತೆಗೆಯಲು ಜಾಗವೇ ಇಲ್ಲ. ಅಂಥ ದಿನಕ್ಕಾಗಿ ಫ್ರೀಜರ್ ಇದೆ. ರಜಾದಿನ ಒಂದು ದೊಡ್ಡ ಪಾತ್ರೆ ಕಾಳು ಬೇಯಿಸಿ, ಒಂದೊಂದು ಊಟಕ್ಕಾಗುವಷ್ಟು ಚೀಲಗಳಲ್ಲಿ ತೆಳ್ಳಗೆ ಹರಡಿ ಫ್ರೀಜರಿಗೆ ಸೇರಿಸುತ್ತೇನೆ. ತೆಳ್ಳಗಿದ್ದರೆ ಬೇಗ ಕರಗುತ್ತದೆ. ಫ್ರಿಜ್ಜಿನಲ್ಲಿ ಬೆಂದ ಕಾಳು ಮೂರು ನಾಲ್ಕು ದಿನಕ್ಕಿಂತ ಹೆಚ್ಚು ಬೇಡ. ಫ್ರೀಜರಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ.

ರುಚಿಯ ಬಗ್ಗೆ ಒಂದು ಮಾತು. ಮಾಂಸದ ಅಡುಗೆ ಬಾಯಿಗೆ ಹಿತವಾಗುವುದು ಕೊಬ್ಬು, ಉಪ್ಪು, ಹುರಿದು ಕಂದಾದ ಮೇಲ್ಮೈ ಮತ್ತು ಗ್ಲುಟಮೇಟ್ ಕೊಡುವ ಆಳವಾದ ಸ್ವಾದದಿಂದ. ಮೊದಲ ಮೂರು ಯಾವ ಅಡುಗೆಗೂ ಒದಗುತ್ತವೆ. ನಾಲ್ಕನೆಯದು ಒಣಗಿಸಿದ ಅಣಬೆ, ಟೊಮೆಟೊ ಪೇಸ್ಟ್, ಸೋಯಾ ಸಾಸ್‌ಗಳಲ್ಲಿ ಧಾರಾಳವಾಗಿದೆ. ಸೋಯಾ ಹಾಲಿನಿಂದ ಪನೀರಿನಂತೆ ಮಾಡುವ ತೋಫು ಸಪ್ಪೆ ಎಂದು ದೂರುವವರು ಅದನ್ನು ಒಮ್ಮೆ ಫ್ರೀಜರಿನಲ್ಲಿ ಗಟ್ಟಿಮಾಡಿ, ಕರಗಿಸಿ, ಅಂಗೈಗಳ ನಡುವೆ ಹಿಂಡಿ ನೋಡಲಿ. ಒಳಗಿನ ನೀರು ಮಂಜಾಗುವಾಗ ಸಣ್ಣ ಸಣ್ಣ ರಂಧ್ರಗಳಾಗುತ್ತವೆ. ಆಮೇಲೆ ಅದು ಮಸಾಲೆಯನ್ನು ಹೀರುತ್ತದೆ, ಕಚ್ಚಿದರೆ ನಾರಿನಂಥ ಹದವೂ ಬರುತ್ತದೆ. ಸುಮ್ಮನೆ ಪೊಟ್ಟಣದಿಂದ ತೆಗೆದು ಗ್ರೇವಿಗೆ ಹಾಕಿದ ತೋಫುವನ್ನು ನಾನೂ ಇಷ್ಟಪಡುವುದಿಲ್ಲ.

ಮನೆಯವರೆಲ್ಲ ಆಗಲೇ ತಿನ್ನುತ್ತಿರುವ, ತಾನಾಗಿ ವೀಗನ್ ಆಗಿರುವ ಅಡುಗೆಗಳನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ನಿರೀಕ್ಷೆಗಿಂತ ಉದ್ದದ ಪಟ್ಟಿಯಾಗುತ್ತದೆ. ಅವುಗಳನ್ನು ಹೆಚ್ಚು ಸಲ ಮಾಡಿ, ವೀಗನ್ ಎಂಬ ಹಣೆಪಟ್ಟಿ ಹಚ್ಚಬೇಡಿ. ಹೆಸರಿಟ್ಟ ಕೂಡಲೇ ಮಗ ಮೂಗು ಮುರಿಯುವ ಅದೇ ಕಾಳಿನ ಸೂಪನ್ನು, ಹೆಸರಿಲ್ಲದಿದ್ದರೆ ಎರಡು ಬಟ್ಟಲು ಹಾಕಿಸಿಕೊಳ್ಳುತ್ತಾನೆ.

ಹಾಲು ಬಿಡುವುದೇ ಕಷ್ಟ

ಮಾಂಸ ಎದ್ದು ಕಾಣುತ್ತದೆ, ಹಾಗಾಗಿ ಬಿಡುವುದು ಸುಲಭ. ಹಾಲು ಎಲ್ಲೆಲ್ಲೋ ಅಡಗಿರುತ್ತದೆ, ಅಭ್ಯಾಸವಾಗಿಯೂ ಅಂಟಿರುತ್ತದೆ. ಒಂದೇ ದಿನ ಎಲ್ಲ ಬಿಡುವವರು ಇದ್ದಾರೆ. ಮನೆಯಲ್ಲಿ ಇತರರಿದ್ದರೆ ಊಟದಿಂದ ಊಟಕ್ಕೆ ಬದಲಾಯಿಸುವುದು ಒಳ್ಳೆಯದೆಂದು ನನಗನ್ನಿಸುತ್ತದೆ: ಮೊದಲು ಬೆಳಗಿನ ತಿಂಡಿ, ಅದು ರೂಢಿಯಾದ ಮೇಲೆ ಮಧ್ಯಾಹ್ನ, ಕೊನೆಗೆ ಎಲ್ಲರೂ ಸೇರುವ ರಾತ್ರಿಯೂಟ. ತಿಂಡಿಯನ್ನು ಹೆಚ್ಚಾಗಿ ಒಬ್ಬೊಬ್ಬರೇ ತಿನ್ನುವುದರಿಂದ ಅಲ್ಲಿ ಯಾರ ಜೊತೆಗೂ ಹೊಂದಿಸಿಕೊಳ್ಳಬೇಕಿಲ್ಲ.

ಸಸ್ಯಜನ್ಯ ಹಾಲುಗಳೆಲ್ಲ ಒಂದೇ ಎಂದು ತಿಳಿಯಬೇಡಿ. 250 ಮಿಲಿಲೀಟರ್ ಸೋಯಾ ಹಾಲಿನಲ್ಲಿ ಸುಮಾರು 7ರಿಂದ 8 ಗ್ರಾಂ ಪ್ರೋಟೀನ್ ಇರುತ್ತದೆ, ಹಸುವಿನ ಹಾಲಿಗೆ ಸಮ. ಪೊಟ್ಟಣದ ಬಾದಾಮಿ ಹಾಲಿನಲ್ಲಿ ಹೆಚ್ಚಾಗಿ ಒಂದು ಗ್ರಾಂನಷ್ಟೇ. ಅದು ಬಹುಪಾಲು ನೀರು. ಓಟ್ಸ್ ಹಾಲು ಕಾಫಿಗೆ ಚೆನ್ನ, ಪ್ರೋಟೀನಿಗೆ ಸುಮಾರು. ಸಕ್ಕರೆ ಸೇರಿಸದ, ಕ್ಯಾಲ್ಸಿಯಂ ಸೇರಿಸಿದ ಸೋಯಾ ಹಾಲನ್ನು ಮನೆಯ ಮುಖ್ಯ ಹಾಲಾಗಿ ಇಟ್ಟುಕೊಂಡು, ಉಳಿದವನ್ನು ನಾಲಿಗೆಯ ಖುಷಿಗೆ ತನ್ನಿ. ಪೊಟ್ಟಣವನ್ನು ಕುಲುಕಿಯೇ ಸುರಿಯಿರಿ. ಸೇರಿಸಿದ ಕ್ಯಾಲ್ಸಿಯಂ ತಳದಲ್ಲಿ ಕೂತಿರುತ್ತದೆ.

ಕಾಫಿಯಲ್ಲಿ ಸೋಯಾ ಹಾಲು ಒಡೆಯುವುದು ಬಹಳ ಜನರನ್ನು ಮೊದಲ ವಾರವೇ ಹಿಂದಕ್ಕೆ ಕಳಿಸುವ ಸಂಗತಿ. ಕಾಫಿಯ ಹುಳಿ ಮತ್ತು ಬಿಸಿ ಒಟ್ಟಿಗೆ ತಾಗಿದಾಗ ಪ್ರೋಟೀನ್ ಮುದ್ದೆಗಟ್ಟುತ್ತದೆ. ಹಾಲನ್ನು ಮೊದಲು ಬಿಸಿಮಾಡಿ ಲೋಟಕ್ಕೆ ಹಾಕಿ, ಅದರ ಮೇಲೆ ಸ್ವಲ್ಪ ಆರಿದ ಕಾಫಿಯನ್ನು ನಿಧಾನವಾಗಿ ಸುರಿಯಿರಿ. ಹುಳಿ ಕಡಿಮೆಯಿರುವ, ಗಾಢವಾಗಿ ಹುರಿದ ಬೀಜದ ಪುಡಿಯಾದರೆ ಇನ್ನೂ ಒಳ್ಳೆಯದು. ಅದೇ ಹುಳಿಯ ಗುಣ ಇನ್ನೊಂದೆಡೆ ಉಪಯೋಗಕ್ಕೆ ಬರುತ್ತದೆ: ಒಂದು ಕಪ್ ಸೋಯಾ ಹಾಲಿಗೆ ಒಂದು ದೊಡ್ಡ ಚಮಚ ನಿಂಬೆರಸ ಹಿಂಡಿ ಹತ್ತು ನಿಮಿಷ ಬಿಟ್ಟರೆ, ಕೇಕಿನ ಹಿಟ್ಟಿಗೆ ಮಜ್ಜಿಗೆ ಹಾಕಬೇಕಾದಲ್ಲಿ ಹಾಕಬಹುದು.

ಮೊಸರೂ ಸೋಯಾ ಹಾಲಿನಿಂದಲೇ ಚೆನ್ನಾಗಿ ಆಗುತ್ತದೆ, ಪ್ರೋಟೀನ್ ಇರುವುದರಿಂದ ಗಟ್ಟಿಯಾಗುತ್ತದೆ. ಹೆಪ್ಪು ಎಲ್ಲಿಂದ ಎಂಬುದೇ ಪ್ರಶ್ನೆ. ಅತ್ತೆಯವರ ಮೊಸರಿನ ಒಂದು ಚಮಚ ಹಾಕಿದರೆ ಮೊದಲ ಸಲದ್ದು ವೀಗನ್ ಅಲ್ಲ. ಅಂಗಡಿಯಲ್ಲಿ ಸಿಗುವ ಸಸ್ಯಜನ್ಯ ಮೊಸರನ್ನು ಹೆಪ್ಪಾಗಿ ಬಳಸಿ, ಆಮೇಲೆ ನಿಮ್ಮದರಿಂದಲೇ ಮುಂದುವರಿಸಿ. ಅತ್ತೆಯವರ ಬಟ್ಟಲೂ ನನ್ನದೂ ಒಂದೇ ರೀತಿ ಕಾಣುತ್ತವೆ. ನನ್ನದರ ಮೇಲೆ ಹಸಿರು ರಬ್ಬರ್ ಬ್ಯಾಂಡ್. ಒಮ್ಮೆ ಅವರು ನನ್ನದನ್ನು ತಿಳಿಯದೆ ತಿಂದು, "ಇವತ್ತು ಹಾಲು ಬೇರೆ ಕಡೆಯಿಂದ ತಂದಿರಾ?" ಎಂದು ಕೇಳಿದ್ದರು. ಇಷ್ಟವಾಯಿತೋ ಇಲ್ಲವೋ ಹೇಳಲಿಲ್ಲ.

ಚೀಸಿಗೆ ಒಳ್ಳೆಯ ಬದಲಿ ಹುಡುಕುತ್ತ ಕಾಲ ಕಳೆಯಬೇಡಿ. ಹೆಚ್ಚಿನ ವೀಗನ್ ಚೀಸ್‌ಗಳು ತೆಂಗಿನೆಣ್ಣೆ, ಪಿಷ್ಟ, ಉಪ್ಪು ಸೇರಿದ ಗಟ್ಟಿಗಳು, ಪ್ರೋಟೀನ್ ಇಲ್ಲವೆನ್ನುವಷ್ಟು. ಒಂದೆರಡು ತಿಂಗಳು ಚೀಸೇ ಇಲ್ಲದೆ ಇದ್ದುಬಿಟ್ಟರೆ ನಾಲಿಗೆ ಹೋಲಿಸುವುದನ್ನು ಬಿಡುತ್ತದೆ. ಮೊಟ್ಟೆಯ ಬದಲಿ ಮಾತ್ರ ನಿಜಕ್ಕೂ ಸೊಗಸು. ಒಂದು ಮೊಟ್ಟೆಗೆ ಒಂದು ದೊಡ್ಡ ಚಮಚ ಅಗಸೆ ಬೀಜದ ಪುಡಿಯನ್ನು ಮೂರು ದೊಡ್ಡ ಚಮಚ ನೀರಿನಲ್ಲಿ ಹತ್ತು ನಿಮಿಷ ನೆನೆಸಿದರೆ ಲೋಳೆಯಾಗಿ ಹಿಟ್ಟನ್ನು ಹಿಡಿದಿಡುತ್ತದೆ. ಹಗುರವಾಗಿ ಉಬ್ಬಬೇಕಾದ ತಿನಿಸಿಗೆ ಕಡಲೆ ಬೇಯಿಸಿದ ಗಟ್ಟಿ ಕಟ್ಟು. ಮೂರು ದೊಡ್ಡ ಚಮಚ ಒಂದು ಮೊಟ್ಟೆಗೆ ಸಮ. ಕಾಳಿನ ಕಟ್ಟನ್ನು ಬಡಿದರೆ ಮೊಟ್ಟೆಯ ಬಿಳಿಯಂತೆ ನೊರೆ ಬರುತ್ತದೆ ಎಂದು ಫ್ರಾನ್ಸಿನ ಜೋಯೆಲ್ ರೋಸೆಲ್ 2014ರಲ್ಲಿ ತೋರಿಸಿದ. ಅಲ್ಲಿಯವರೆಗೆ ಎಷ್ಟೋ ಜನ ಅದನ್ನು ಸಿಂಕಿಗೆ ಚೆಲ್ಲುತ್ತಿದ್ದರು.

ಬಿ12 ವಿಷಯದಲ್ಲಿ ಚೌಕಾಸಿ ಬೇಡ

ಬ್ರಿಟನ್ನಿನ ವೀಗನ್ ಸೊಸೈಟಿ ಆರಂಭವಾದದ್ದು 1944ರಲ್ಲಿ; ವಿಟಮಿನ್ ಬಿ12 ಅನ್ನು ಬೇರ್ಪಡಿಸಿದ್ದು 1948ರಲ್ಲಿ. ಅಂದರೆ ಮೊದಲ ವೀಗನ್‌ಗಳಿಗೆ ತಮ್ಮ ಊಟದಲ್ಲಿ ಇಲ್ಲದ್ದು ಯಾವುದೆಂದು ತಿಳಿಯುವ ದಾರಿಯೇ ಇರಲಿಲ್ಲ. ನಮಗೆ ಆ ನೆಪವಿಲ್ಲ. ಬಿ12 ಅನ್ನು ತಯಾರಿಸುವುದು ಬ್ಯಾಕ್ಟೀರಿಯಾಗಳು. ಪ್ರಾಣಿಗಳ ದೇಹದಲ್ಲಿ ಅದು ಸೇರಿಕೊಳ್ಳುತ್ತದೆ, ಸಸ್ಯಗಳಲ್ಲಿ ನೆಚ್ಚಿಕೊಳ್ಳುವಷ್ಟು ಇರುವುದಿಲ್ಲ. ಸ್ಪಿರುಲಿನಾ ಎಂಬ ಪಾಚಿಯಲ್ಲಿ ಇದೆ ಎಂಬ ಮಾತನ್ನು ನಂಬಬೇಡಿ. ಅದರಲ್ಲಿ ಇರುವುದು ಹೆಚ್ಚಾಗಿ ಬಿ12ನ್ನು ಹೋಲುವ, ಮನುಷ್ಯನ ದೇಹಕ್ಕೆ ಉಪಯೋಗವಾಗದ ವಸ್ತು.

ಇದರ ಅಪಾಯ ಇರುವುದು ನಿಧಾನದಲ್ಲಿ. ಯಕೃತ್ತಿನಲ್ಲಿ ಹಿಂದಿನ ವರ್ಷಗಳ ಠೇವಣಿ ಇರುತ್ತದೆ. ಜಮೆಯಿಲ್ಲದೆ ಬರೀ ಖರ್ಚಾದರೂ ಖಾತೆ ಖಾಲಿಯಾಗಲು ವರ್ಷಗಳೇ ಹಿಡಿಯಬಹುದು. ಅಷ್ಟರಲ್ಲಿ "ನಾನು ಗುಳಿಗೆಯಿಲ್ಲದೆ ಎಷ್ಟು ಚೆನ್ನಾಗಿದ್ದೇನೆ ನೋಡಿ" ಎಂದು ಊರಿಗೆಲ್ಲ ಹೇಳಿ ಆಗಿರುತ್ತದೆ. ಆಮೇಲೆ ಸುಸ್ತು, ಕೈಕಾಲು ಜುಮ್ಮೆನ್ನುವುದು, ಮರೆವು. ನರಗಳಿಗಾದ ಹಾನಿ ಪೂರ್ತಿ ವಾಸಿಯಾಗದೆಯೂ ಇರಬಹುದು. ಸೊಪ್ಪು, ಕಾಳುಗಳಿಂದ ಫೋಲೇಟ್ ಎಂಬ ಇನ್ನೊಂದು ವಿಟಮಿನ್ ಹೇರಳವಾಗಿ ಸಿಗುವುದರಿಂದ ರಕ್ತಹೀನತೆಯ ಲಕ್ಷಣ ಮರೆಯಾಗಿ, ಕೊರತೆ ಇನ್ನಷ್ಟು ತಡವಾಗಿ ಗೊತ್ತಾಗುವುದೂ ಉಂಟು.

ವಯಸ್ಕರಿಗೆ ದಿನಕ್ಕೆ ಬೇಕಾದ ಪ್ರಮಾಣ 2.4 ಮೈಕ್ರೊಗ್ರಾಂ ಎಂದು ಅಮೆರಿಕದ ಮಾನದಂಡ ಹೇಳುತ್ತದೆ. ವೀಗನ್ ಸೊಸೈಟಿಯ ಸಲಹೆಯಂತೆ ಮೂರು ದಾರಿಗಳಿವೆ: ಬಿ12 ಸೇರಿಸಿದ ಆಹಾರವನ್ನು ದಿನಕ್ಕೆ ಎರಡು ಮೂರು ಸಲ ತಿಂದು ಒಟ್ಟು ಕನಿಷ್ಠ 3 ಮೈಕ್ರೊಗ್ರಾಂ ಪಡೆಯುವುದು, ಅಥವಾ ದಿನಕ್ಕೊಂದು 10 ಮೈಕ್ರೊಗ್ರಾಂ ಗುಳಿಗೆ, ಅಥವಾ ವಾರಕ್ಕೆ 2000 ಮೈಕ್ರೊಗ್ರಾಂ. ವಾರದ್ದು ಇಷ್ಟು ದೊಡ್ಡ ಸಂಖ್ಯೆ ಏಕೆಂದರೆ ದೇಹ ಒಂದು ಸಲಕ್ಕೆ ಹೀರಿಕೊಳ್ಳುವ ಮಿತಿ ಬಹಳ ಚಿಕ್ಕದು. ಉಳಿದದ್ದರಲ್ಲಿ ಅಲ್ಪಾಂಶ ಮಾತ್ರ ಒಳಗೆ ಸೇರುತ್ತದೆ. ನಾನು ದಿನದ ಗುಳಿಗೆಯವನು. ಅತ್ತೆಯವರ ರಕ್ತದೊತ್ತಡದ ಮಾತ್ರೆಯ ಡಬ್ಬಿಯ ಪಕ್ಕದಲ್ಲೇ ಅದನ್ನು ಇಟ್ಟಿದ್ದೇನೆ, ಒಬ್ಬರು ಮರೆತರೆ ಇನ್ನೊಬ್ಬರು ನೆನಪಿಸುತ್ತೇವೆ. ಶುರುಮಾಡುವ ಮುಂಚೆಯೇ ಬಿ12, ಹಿಮೋಗ್ಲೋಬಿನ್, ಕಬ್ಬಿಣಾಂಶದ ದಾಸ್ತಾನು ತೋರಿಸುವ ಫೆರಿಟಿನ್, ವಿಟಮಿನ್ ಡಿ ಪರೀಕ್ಷೆ ಮಾಡಿಸಿಕೊಳ್ಳಿ. ಆರಂಭದ ಶಿಲ್ಕು ಗೊತ್ತಿಲ್ಲದಿದ್ದರೆ ಮುಂದೆ ಯಾವ ಏರುಪೇರಿಗೆ ಯಾವುದು ಕಾರಣ ಎಂದು ಹೇಳಲಾಗದು.

ಉಳಿದವು ಇಷ್ಟು ಕಠಿಣವಲ್ಲ. ಪ್ರೋಟೀನ್ ಬಗ್ಗೆ ಮನೆಯವರೆಲ್ಲ ಚಿಂತಿಸುತ್ತಾರೆ, ಆದರೆ ಲೆಕ್ಕ ಸರಳ: ದೇಹತೂಕದ ಪ್ರತಿ ಕಿಲೋಗೆ 0.8 ಗ್ರಾಂ, ಅಂದರೆ 60 ಕಿಲೋ ತೂಗುವವರಿಗೆ 48 ಗ್ರಾಂ. ನೂರು ಗ್ರಾಂ ಬೆಂದ ಬೇಳೆ ಅಥವಾ ಕಡಲೆಯಲ್ಲಿ ಸುಮಾರು 9 ಗ್ರಾಂ ಇರುತ್ತದೆ. ಧಾನ್ಯಗಳಲ್ಲಿ ಪ್ರೋಟೀನಿನ ಒಂದು ಘಟಕವಾದ ಲೈಸಿನ್ ಕಡಿಮೆ, ಕಾಳುಗಳಲ್ಲಿ ಹೆಚ್ಚು. ಹಾಗಾಗಿ ದಿನದಲ್ಲಿ ಎರಡು ಊಟದಲ್ಲಾದರೂ ಕಾಳು, ಬೇಳೆ, ಸೋಯಾ ಇರಲಿ. ಧಾನ್ಯ, ಕಾಳು ಎರಡನ್ನೂ ಒಂದೇ ತುತ್ತಿನಲ್ಲಿ ತಿನ್ನಬೇಕಿಲ್ಲ. ಸಸ್ಯದ ಕಬ್ಬಿಣಾಂಶಕ್ಕೆ ವಿಟಮಿನ್ ಸಿ ಜೊತೆಯಿರಬೇಕು: ಕಾಳಿನ ಮೇಲೆ ನಿಂಬೆ ಹಿಂಡಿ, ಚಹಾ ಕಾಫಿಯನ್ನು ಊಟದಿಂದ ಒಂದು ಗಂಟೆ ದೂರವಿಡಿ. ಕ್ಯಾಲ್ಸಿಯಂಗಾಗಿ ಪಾಲಕ್ ನೆಚ್ಚಬೇಡಿ. ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ಸುಮಾರು ಶೇಕಡಾ 5ರಷ್ಟನ್ನು ಮಾತ್ರ ಬಿಟ್ಟುಕೊಡುತ್ತದೆ. ಕೇಲ್, ಬೊಕ್ ಚಾಯ್‌ನಂಥ ಸೊಪ್ಪುಗಳು, ಕ್ಯಾಲ್ಸಿಯಂ ಲವಣದಿಂದ ಗಟ್ಟಿಮಾಡಿದ ತೋಫು, ಕ್ಯಾಲ್ಸಿಯಂ ಸೇರಿಸಿದ ಹಾಲು ಇವು ಮೇಲು. ಅಯೋಡಿನ್‌ಗೆ ಅಯೋಡಿನ್‌ಯುಕ್ತ ಉಪ್ಪು ಸಾಕು. ಒಮೇಗಾ-3ಕ್ಕೆ ದಿನಕ್ಕೊಂದು ದೊಡ್ಡ ಚಮಚ ಅಗಸೆ ಪುಡಿ. ಇಡೀ ಬೀಜ ನುಂಗಿದರೆ ಬಹುಪಾಲು ಹಾಗೆಯೇ ಹೊರಹೋಗುತ್ತದೆ. ಮೀನೆಣ್ಣೆಯಲ್ಲಿರುವ ಡಿಎಚ್‌ಎ ಎಂಬ ಬಗೆಯ ಒಮೇಗಾ-3 ಬೇಕೆಂದರೆ ಸೂಕ್ಷ್ಮ ಪಾಚಿಯಿಂದ ತೆಗೆದದ್ದು ಸಿಗುತ್ತದೆ, ಮೀನಿಗೂ ಅದು ಬರುವುದು ಆ ಪಾಚಿಯಿಂದಲೇ. ವಿಟಮಿನ್ ಡಿ3 ಗುಳಿಗೆಗಳಲ್ಲಿ ಹೆಚ್ಚಿನವು ಕುರಿಯ ಉಣ್ಣೆಯ ಜಿಡ್ಡಿನಿಂದ ಆದವು. ಬೇಡವೆಂದರೆ ಕಲ್ಲುಹೂವಿನಿಂದ ತೆಗೆದ ಡಿ3 ಅಥವಾ ಡಿ2 ಕೇಳಿ.

ಫ್ರಿಜ್, ಬಾಣಲೆ, ಪೊಟ್ಟಣ

ಹಸಿ ಮಾಂಸ, ಮೀನು ಫ್ರಿಜ್ಜಿನ ಕೆಳಗಿನ ಹಲಗೆಯಲ್ಲಿ, ಮುಚ್ಚಿದ ಡಬ್ಬಿಯಲ್ಲಿ. ಇದು ನನ್ನ ಸಿದ್ಧಾಂತಕ್ಕಾಗಿ ಮಾಡಿದ ನಿಯಮವಲ್ಲ; ಅದರ ರಸ ಯಾರ ಊಟದ ಮೇಲೂ ತೊಟ್ಟಿಕ್ಕಬಾರದು. ಹಾಗೆಯೇ ಹೆಚ್ಚುವ ಮಣೆ ಎರಡಿರಲಿ, ಒಂದು ಹಸಿ ಮಾಂಸಕ್ಕೆ, ಒಂದು ಉಳಿದದ್ದಕ್ಕೆ. ಹೆಂಡತಿ ಇದನ್ನು ನನಗಿಂತ ಕಟ್ಟುನಿಟ್ಟಾಗಿ ಪಾಲಿಸುತ್ತಾಳೆ. ಮೇಲಿನ ಹಲಗೆಯ ಎಡಭಾಗ ನನ್ನದು.

ಪಾತ್ರೆಗಳ ವಿಷಯದಲ್ಲಿ ನನ್ನ ನಿಲುವು ಸಡಿಲ. ಸ್ಟೀಲ್, ಗಾಜು ತೊಳೆದರೆ ಸಾಕು. ಆದರೆ ಎಣ್ಣೆ ಕುಡಿದು ಕಪ್ಪಾದ ಕಬ್ಬಿಣದ ಬಾಣಲೆಯನ್ನು ಸೋಪಿನಿಂದ ತಿಕ್ಕಲು ಯಾರೂ ಒಪ್ಪುವುದಿಲ್ಲ, ಹಳೆಯ ಕೊಬ್ಬು ಅದರಲ್ಲೇ ಉಳಿಯುತ್ತದೆ. ಅಂಥದ್ದು ನಿಮಗೊಂದು ಬೇರೆಯಿರಲಿ. ಮೀನು ಕರಿದ ಎಣ್ಣೆಯಲ್ಲಿ ನಿಮ್ಮದನ್ನು ಕರಿಯಬಾರದು, ವಾಸನೆಯೇ ಹೇಳುತ್ತದೆ. ಮನೆಯಲ್ಲಿ ಯಾರಿಗಾದರೂ ಹಾಲಿನ ಅಥವಾ ಮೊಟ್ಟೆಯ ಅಲರ್ಜಿ ಇದ್ದರೆ ಮಾತ್ರ ಈ ಸಡಿಲಿಕೆ ಸಲ್ಲದು; ಅಲ್ಲಿ ಒಂದು ತೊಟ್ಟೂ ಅಪಾಯ.

ಪೊಟ್ಟಣಗಳ ಮೇಲೆ ಕೇಸಿನ್, ಕೇಸಿನೇಟ್, ವೇ, ಲ್ಯಾಕ್ಟೋಸ್ ಎಂದಿದ್ದರೆ ಹಾಲು. ಆಲ್ಬುಮಿನ್ ಎಂದರೆ ಸಾಮಾನ್ಯವಾಗಿ ಮೊಟ್ಟೆ. ಜೆಲಾಟಿನ್ ಎಂದರೆ ಪ್ರಾಣಿಯ ಚರ್ಮ, ಎಲುಬು. ಇ120 ಎಂಬ ಕೆಂಪು ಬಣ್ಣ ಕೀಟದಿಂದ ಬಂದದ್ದು, ಇ901 ಜೇನುಮೇಣ, ಇ904 ಅರಗು. "ಡೈರಿಯಿಲ್ಲದ" ಎಂದು ಮುಂದೆ ಬರೆದ ಕಾಫಿ ಪುಡಿಹಾಲಿನ ಹಿಂದೆ ಸೋಡಿಯಂ ಕೇಸಿನೇಟ್ ಇರುವುದುಂಟು. "ಲ್ಯಾಕ್ಟೋಸ್ ಇಲ್ಲ" ಎಂದರೆ ಹಾಲೇ ಇಲ್ಲ ಎಂದು ಅರ್ಥವಲ್ಲ. "ಹಾಲಿನ ಅಂಶವಿರಬಹುದು" ಎಂಬುದು ಅಲರ್ಜಿಯವರಿಗೆ ಕೊಟ್ಟ ಎಚ್ಚರಿಕೆ. ಅದೇ ಯಂತ್ರದಲ್ಲಿ ಬೇರೇನೋ ತಯಾರಾಗುತ್ತದೆ ಎಂದಷ್ಟೇ. ಅದನ್ನು ನಾನು ತಿನ್ನುತ್ತೇನೆ.

ಹೊಟ್ಟೆ, ಮಕ್ಕಳು, ಮೇಜಿನ ಮಾತು

ಕಾಳು ಏಕಾಏಕಿ ಹೆಚ್ಚಿಸಿದರೆ ಹೊಟ್ಟೆ ಪ್ರತಿಭಟಿಸುತ್ತದೆ. ಅರ್ಧ ಬಟ್ಟಲಿನಿಂದ ಶುರುಮಾಡಿ ವಾರಗಳಲ್ಲಿ ಹೆಚ್ಚಿಸಿ, ನೆನೆಸಿದ ನೀರನ್ನು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸಿ. ರಾಜ್ಮಾ ಕಾಳಿಗೆ ಇದು ಸುರಕ್ಷತೆಯ ಪ್ರಶ್ನೆಯೂ ಹೌದು. ಹಸಿಯಾಗಿ ಅಥವಾ ಅರೆಬೆಂದು ತಿಂದರೆ ಅದರಲ್ಲಿರುವ ಲೆಕ್ಟಿನ್ ಎಂಬ ವಿಷಕಾರಿ ಪ್ರೋಟೀನ್ ವಾಂತಿಭೇದಿ ತರುತ್ತದೆ. ಕನಿಷ್ಠ ಐದು ಗಂಟೆ ನೆನೆಸಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಕೊತಕೊತ ಕುದಿಸಿ. ಮೆಲ್ಲನೆ ಬೇಯಿಸುವ ವಿದ್ಯುತ್ ಪಾತ್ರೆಗಳ ಬಿಸಿ ಅದಕ್ಕೆ ಸಾಲದು.

ಮಕ್ಕಳನ್ನು ಜೊತೆಗೆ ಎಳೆದುಕೊಳ್ಳಬೇಕೆ? ನಾನು ಎಳೆಯಲಿಲ್ಲ. ಸರಿಯಾಗಿ ಯೋಜಿಸಿದ ವೀಗನ್ ಆಹಾರ ಬದುಕಿನ ಎಲ್ಲ ಹಂತಗಳಿಗೂ ಆದೀತು ಎಂದು ಅಮೆರಿಕದ ಪೌಷ್ಟಿಕತಜ್ಞರ ಅಕಾಡೆಮಿ 2016ರಲ್ಲಿ ಹೇಳಿತು. ಗರ್ಭಿಣಿಯರು, ಹಾಲೂಡಿಸುವವರು, ಶಿಶುಗಳು, ಮಕ್ಕಳು, ಹದಿಹರೆಯದವರಿಗೆ ಶಿಫಾರಸು ಮಾಡುವುದಿಲ್ಲ ಎಂದು ಜರ್ಮನಿಯ ಪೌಷ್ಟಿಕಾಂಶ ಸಂಘ ಅದೇ ವರ್ಷ ಹೇಳಿತು. ಆಗ ತಜ್ಞರೇ ಹೀಗೆ ಎರಡು ಕಡೆ ನಿಂತಿದ್ದರು. ಹಾಗಾಗಿ ಮಗು ತಾನಾಗಿ ಬಯಸಿದರೂ ಮಕ್ಕಳ ವೈದ್ಯರ ಜೊತೆ ಕೂತು ಯೋಜನೆ ಹಾಕದೆ ಮುಂದುವರಿಯಬೇಡಿ. ಒಂದು ವರ್ಷದೊಳಗಿನ ಕೂಸಿಗೆ ಎದೆಹಾಲು ಅಥವಾ ಶಿಶುಗಳ ಫಾರ್ಮುಲಾ ಹಾಲಿನ ಬದಲಾಗಿ ಸಸ್ಯಜನ್ಯ ಹಾಲು ಕೊಡಲೇಬಾರದು.

ಊಟದ ಮೇಜಿನಲ್ಲಿ ಕಾರಣಗಳನ್ನು ವಿವರಿಸಬೇಡಿ. ಇತರರ ಬಾಯಲ್ಲಿ ತುತ್ತಿರುವಾಗ ಅದು ಹೇಗೆ ಬಂತೆಂದು ಹೇಳುವುದು ವಾದವಲ್ಲ, ಒರಟುತನ. ಯಾರಾದರೂ ಕೇಳಿದರೆ "ಊಟವಾದ ಮೇಲೆ ಹೇಳುತ್ತೇನೆ" ಎನ್ನುತ್ತೇನೆ. ನಿಜಕ್ಕೂ ತಿಳಿಯಬೇಕಾದವರು ಆಮೇಲೆ ಬಂದು ಕೇಳುತ್ತಾರೆ, ಕೆಣಕಲು ಕೇಳಿದವರು ಮರೆತಿರುತ್ತಾರೆ. ಬೇರೆಯವರ ಮನೆಗೆ ಊಟಕ್ಕೆ ಹೋಗುವಾಗ ಮುಂಚೆಯೇ ಫೋನ್ ಮಾಡಿ ತಿಳಿಸಿ, ಎಲ್ಲರಿಗೂ ಸಾಲುವಷ್ಟು ಒಂದು ಅಡುಗೆ ಮಾಡಿಕೊಂಡು ಹೋಗಿ. ನಿಮ್ಮೊಬ್ಬರಿಗೇ ಡಬ್ಬಿ ಕಟ್ಟಿಕೊಂಡು ಹೋದರೆ ಕರೆದವರಿಗೆ ಮುಜುಗರ.

ನೀವು ಯಾವುದಾದರೂ ಔಷಧ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಈ ಬದಲಾವಣೆಯನ್ನು ತಿಳಿಸಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ನುಂಗುವವರು ದಿಢೀರನೆ ಸೊಪ್ಪು ಹೆಚ್ಚಿಸಿದರೆ ವಿಟಮಿನ್ ಕೆ ಏರಿ ಔಷಧದ ಪರಿಣಾಮ ಕುಗ್ಗುತ್ತದೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹಳ ಕಾಲ ತೆಗೆದುಕೊಂಡರೆ ಬಿ12 ಇನ್ನಷ್ಟು ಇಳಿಯಬಹುದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಪ್ರಮಾಣ ಬದಲಿಸಬೇಕಾಗಿ ಬರಬಹುದು. ಎಷ್ಟೋ ಮಾತ್ರೆಗಳಲ್ಲಿ ಲ್ಯಾಕ್ಟೋಸ್, ಕ್ಯಾಪ್ಸೂಲ್‌ಗಳ ಕವಚದಲ್ಲಿ ಜೆಲಾಟಿನ್ ಇರುತ್ತದೆ. ಬದಲಿ ಇದೆಯೇ ಎಂದು ಔಷಧದ ಅಂಗಡಿಯಲ್ಲಿ ಕೇಳಿ. ಇಲ್ಲವೆಂದರೆ ವೈದ್ಯರು ಬರೆದುಕೊಟ್ಟದ್ದನ್ನು ಹಾಗೆಯೇ ತೆಗೆದುಕೊಳ್ಳಿ.